ಖಾಲಿ ಸಾಲು

ರಿಬಂದರ್ ಧಕ್ಕೆಯಿಂದ ಮೊದಲ ಫೆರಿ.
ಎರಡು ಮೀನಿನ ಬುಟ್ಟಿ, ರಬ್ಬರ್ ಹಾರ್ನಿನ ಪಾವ್ ಸೈಕಲ್, ನಾನು,
ಕೊರಳಲ್ಲಿ ದುರ್ಬೀನು ಇಳಿಬಿಟ್ಟ ಕ್ಲೋತಿಲ್ದಾ ಟೀಚರ್.
'ನೋಡುವುದು ನಿಮ್ಮ ಕೆಲಸವಲ್ಲ, ಬರೆಯಿರಿ' ಎಂದಿದ್ದರು ನಿನ್ನೆ,
'ನೋಡುವವರು ಸಿಗುತ್ತಾರೆ.
ಸಾಲು ತಪ್ಪದ ಹಾಗೆ ಬರೆಯುವವರು ಸಿಗುವುದಿಲ್ಲ.'

ಸಾಲು ತಪ್ಪಿದ್ದಿಲ್ಲ ನನ್ನದು.
ಇಪ್ಪತ್ತಾರು ವರ್ಷ ಇದೇ ಮಾಂಡೋವಿಯ ಮೇಲೆ
ಅದಿರಿನ ಬಾರ್ಜು ಎಣಿಸಿದ ಗುಮಾಸ್ತ.
ನಾಲ್ಕು ಗೀರು ನೆಟ್ಟಗೆ, ಐದನೆಯದು ಅಡ್ಡ.
ಎಷ್ಟು ಒಗೆದರೂ ಕಾಲರಿನ ಕೆಂಪು ಬಿಡುತ್ತಿರಲಿಲ್ಲ.
ಗಣಿ ನಿಂತಿತು, ಗೀರೂ ನಿಂತಿತು,
ಪೆನ್ಸಿಲು ಮಾತ್ರ ಕಿಸೆಯಲ್ಲೇ ಉಳಿಯಿತು.

ಚೋಡಣದಲ್ಲಿ ಸಗುಣ್ ಹೋಡಿಯ ಹಗ್ಗ ಬಿಚ್ಚುತ್ತಾನೆ.
ಉಬ್ಬರ ಏರುವ ಮುಂಚೆ ಒಳಗೆ ಹೋಗಿಬರಬೇಕು.
ಕಾಂಡ್ಲಾದ ಬೇರುಗಳು ಕೆಸರಿನಿಂದ ಬೆರಳೆತ್ತಿ
ಹಾಜರಿ ಕೂಗುವುದನ್ನೇ ಕಾಯುತ್ತಿವೆ.
'ಬೆಳ್ಳಕ್ಕಿ ಹದಿನಾಲ್ಕು. ತಾಳಿ, ಹದಿನೈದು, ಒಂದಕ್ಕೆ ಇನ್ನೂ ನಿದ್ದೆ.
ನೀರುಕಾಗೆ ಆರು.
ಉಲ್ಲಂಕಿ ನಲವತ್ತರ ಸುಮಾರು.'
'ಸುಮಾರು ಅಂದರೆ ಎಷ್ಟು?'
'ಸುಮಾರು ಅಂದರೆ ಸುಮಾರು. ಇದು ಬಾರ್ಜಲ್ಲ ರೀ.'

ಅವರು ಹೇಳುವುದು ಕೊಂಕಣಿಯಲ್ಲಿ,
ನನ್ನ ತಲೆಯೊಳಗೆ ಅದು ಕನ್ನಡ,
ಇಲಾಖೆಯ ಹಾಳೆ ಇಂಗ್ಲಿಷು.
ಮೂರು ಭಾಷೆ ದಾಟಿ ಕಾಗದಕ್ಕೆ ಬರುವಷ್ಟರಲ್ಲಿ
ಹಕ್ಕಿ ಆಚೆ ದಡದಲ್ಲಿರುತ್ತದೆ.

ಫಾಲ್ಗುಣ ಮುಗಿಯುತ್ತ ಬಂತು. ಹೊರಟು ನಿಂತಿವೆಯಂತೆ ಎಲ್ಲ,
ಹಿಮ ಕರಗುವ ಕಡೆಗೆ, ಹೊಟ್ಟೆ ತುಂಬಿಸಿಕೊಂಡು.
ಕೆಲವಕ್ಕೆ ಆಗಲೇ ಎದೆ ಕೆಂಪಾಗಿದೆಯಂತೆ.
'ಎಂಥ ಕೆಂಪು?' ಹಾಳೆಯಿಂದ ಕಣ್ಣೆತ್ತದೆ ಕೇಳಿದೆ.
ಟೀಚರ್ ಸ್ವಲ್ಪ ಯೋಚಿಸಿ,
'ನಿಮ್ಮ ಕಾಲರಿನದು' ಎಂದರು.

ಆಮೇಲೆ ಕಾಲುವೆ ಕಿರಿದಾಯಿತು.
ಕೊಂಬೆಗಳು ತಲೆ ಸವರುವಷ್ಟು ಕೆಳಗೆ.
ಸಗುಣ್ ಜಲ್ಲೆಯನ್ನು ನೀರಲ್ಲೇ ನಿಲ್ಲಿಸಿದ.
ಯಾರೂ ಏನೂ ಹೇಳಲಿಲ್ಲ.
ನಾನು ಏಳನೇ ಸಾಲಿಗೆ ಪೆನ್ಸಿಲಿಟ್ಟು ಕಾದೆ.
ಒಂದು ಕೈ ಬಂದು ಹಾಳೆಯ ಮೇಲೆ ಕೂತಿತು.
'ಇದನ್ನು ಬರೆಯಬೇಡಿ.'

ಹೋದ ವರ್ಷ ಬರೆದಿದ್ದರಂತೆ.
ಭಾನುವಾರ ಹನ್ನೊಂದು ಹೋಡಿ,
ತೊಡೆ ಗಾತ್ರದ ಕ್ಯಾಮೆರಾಗಳು.
ಸೋಮವಾರ ಗೂಡಿನಲ್ಲಿ ತಣ್ಣಗಿನ ಎರಡು ಮೊಟ್ಟೆ.

ಇಂಥದೇ ಇನ್ನೊಂದು ಕೈ ನನಗೆ ಗೊತ್ತು.
ರಾತ್ರಿ ಎರಡೂವರೆಗೆ, ದೀಪ ಆರಿಸಿಕೊಂಡು
ಬಾರ್ಜುಗಳು ಸಾಲಾಗಿ ದಾಟುವಾಗ
ನನ್ನ ಪುಸ್ತಕದ ಮೇಲೆ ಬಂದು ಕೂತದ್ದು.
ಉಂಗುರವಿತ್ತು ಅದಕ್ಕೆ. 'ಬರೀಬೇಡ' ಎಂದಿತ್ತು, ಏಕವಚನದಲ್ಲಿ.
ಬರೆಯಲಿಲ್ಲ.
ತಲೆ ಎತ್ತಿ ನೋಡಲೂ ಇಲ್ಲ.
ನೋಡಿದ್ದರೆ ಎಣಿಸಬೇಕಾಗುತ್ತಿತ್ತು.

ಈ ಕೈಯ ಉಗುರಲ್ಲಿ ಬಳಪದ ಪುಡಿಯೋ, ಹಿಟ್ಟೋ, ಏನೋ ಇದೆ.
ಇವತ್ತು ತಲೆ ಎತ್ತಿದೆ.

ಏನು ಕಂಡಿತೆಂದು ಇಲ್ಲೂ ಹೇಳುವುದಿಲ್ಲ.
ಅದೂ ನನ್ನನ್ನು ನೋಡುತ್ತಿತ್ತು, ಅಷ್ಟು ಹೇಳಬಹುದು.
ಎಲೆಯೊಂದರ ಉಪ್ಪು ಬಿಸಿಲಿಗೆ ಮಿನುಗಿತು.
ಸಗುಣ್ ಸದ್ದಿಲ್ಲದೆ ಹೋಡಿ ಹಿಂದಕ್ಕೆ ತೆಗೆದ.

ಗೇಟಿನಲ್ಲಿ ಗಾರ್ಡು, ಎಳೆಯ ಹುಡುಗ,
ಬೆರಳಿಟ್ಟು ಒಂದೊಂದೇ ಸಾಲು ಓದಿದ.
'ಏಳನೆಯದು ಯಾಕೆ ಖಾಲಿ? ಒಂದು ಚುಕ್ಕೆ ಮಾತ್ರ ಇದೆ.'
ಟೀಚರ್ ದುರ್ಬೀನಿನ ಗಾಜು ಒರೆಸತೊಡಗಿದರು.

'ಸಾಲು ತಪ್ಪಿತು' ಎಂದೆ.