ಕಟ್ಟಿಸಿದರು

ಜಾರ್ಜ್‌ಟೌನಿನಿಂದ ಹನ್ನೊಂದು ಮೈಲಿ. ಓಕ್ ಮರಗಳ ಸಾಲು,
ಕೊಂಬೆ ಕೊಂಬೆಗೂ ಜೋತ ಬೂದುಬಣ್ಣದ ಪಾಚಿ.
ಟಿಕೆಟ್ಟಿಗೆ ಇಪ್ಪತ್ತೆಂಟು ಡಾಲರು.
ಹಿಂದಿನ ಗುಡಿಸಲುಗಳನ್ನೂ ನೋಡುವುದಾದರೆ ಇನ್ನೊಂಬತ್ತು.
ಕಡ್ಡಾಯವೇನಿಲ್ಲ, ಎಂದಳು ಕೌಂಟರಿನ ಹುಡುಗಿ,
ಬಹಳ ಜನ ಅಷ್ಟು ದೂರ ನಡೆಯುವುದಿಲ್ಲ.

ಗೈಡು ಲೊರೇನ್ ಹಾಸ್ಕೆಲ್ ದನಿಯಲ್ಲಿ ಬೆಲ್ಲದ ಪಾಕ:
‘ಕರ್ನಲ್ ಥಾರ್ನ್‌ವೆಲ್ ಈ ಮನೆಯನ್ನು
ಸಾವಿರದ ಏಳುನೂರ ತೊಂಬತ್ತೊಂದರಲ್ಲಿ ಕಟ್ಟಿದರು.
ಆಚೆಯ ಕಾಡು ಕಡಿದರು, ಕಾಲುವೆ ತೋಡಿದರು,
ಜೌಗಿನಲ್ಲಿ ಭತ್ತ ಬಿತ್ತಿದರು.’
ಒಬ್ಬನೇ ಮನುಷ್ಯ!
ಪಟದೊಳಗಿನ ಆ ಕೈಯನ್ನು ಹತ್ತಿರ ಹೋಗಿ ನೋಡಿದೆ.
ಉಂಗುರವಿತ್ತು. ಬೊಬ್ಬೆ ಕಾಣಲಿಲ್ಲ.

ಇಂಗ್ಲಿಷಿನಲ್ಲಿ ಅದು ನುಣ್ಣಗೆ ಜಾರಿ ಹೋಗುತ್ತದೆ.
ಕನ್ನಡಕ್ಕೆ ತಿರುಗಿಸಿಕೊಳ್ಳುವಾಗ ನಾಲಗೆ ತೊಡರಿತು:
ಕಟ್ಟಿದರು ಅಲ್ಲ, ಕಟ್ಟಿಸಿದರು.
ಕಡಿಸಿದರು, ತೋಡಿಸಿದರು, ಬಿತ್ತಿಸಿದರು.
ನಡುವೆ ಒಂದು ‘ಸಿ’. ಆ ಸಣ್ಣ ಅಕ್ಷರದೊಳಗೆ
ಮೊಣಕಾಲುದ್ದ ಕೆಸರಲ್ಲಿ ನೂರೆಂಬತ್ತು ಜನ ನಿಂತಿದ್ದಾರೆ,
ಹಾವು, ಸೊಳ್ಳೆ, ಚಳಿಜ್ವರ ಸಮೇತ.
ನಮ್ಮ ಭಾಷೆ ಅಷ್ಟರಮಟ್ಟಿಗೆ ಪ್ರಾಮಾಣಿಕ
ಎಂದು ಒಳಗೊಳಗೇ ಬೀಗಿದೆ.

ಊಟದ ಕೋಣೆಯಲ್ಲಿ ಯಾರೋ ಕೇಳಿದರು: ಪಿಂಗಾಣಿ ಎಲ್ಲಿಯದು?
ಅದಕ್ಕೆ ಎಂಟು ನಿಮಿಷದ ಉತ್ತರವಿತ್ತು.
ಅದರ ಮೇಲೆ ಊಟ ‘ಬಡಿಸಲಾಗುತ್ತಿತ್ತು’.

ಒಂಬತ್ತು ಡಾಲರು ಕೊಟ್ಟವರು ನಾವು ನಾಲ್ವರು.
ಡೆಲ್ಫೀನ್ ಗ್ಯಾಲ್ಯಾರ್ಡ್, ಅರವತ್ತು ದಾಟಿದಾಕೆ,
ಗುಡಿಸಲ ಹೊಸ್ತಿಲಲ್ಲಿ ಛತ್ರಿ ಊರಿ ನಿಂತಿದ್ದರು.
ಪೀಠಿಕೆಯಿಲ್ಲ. ಲೆಕ್ಕದ ಪುಸ್ತಕದ ಒಂದು ಪುಟ ಓದಿದರು:
ಹೇಸರಗತ್ತೆ ಎರಡು. ಗೋಡೆ ಗಡಿಯಾರ ಒಂದು.
ಫೀಬಿ, ಕೂಸಿನ ಸಮೇತ. ಮುರುಕು ಗಾಡಿ.
ಆಮೇಲೆ ಒರಳು, ಒನಕೆ, ಹುಲ್ಲಿನಲ್ಲಿ ಹೆಣೆದ ಮೊರ.
‘ಭತ್ತದ ವಿದ್ಯೆ ಕರ್ನಲ್ಲನದಲ್ಲ,
ಹಡಗಿನ ತಳದಲ್ಲಿ ಬಂತು, ಸರಪಳಿ ತೊಟ್ಟು.’
ಮೊರ ನನ್ನ ಕೈಗಿತ್ತರು.
ಮಣಿಕಟ್ಟು ತನ್ನಷ್ಟಕ್ಕೆ ಕೇರತೊಡಗಿತು.
ಯಾರು ಕಲಿಸಿದ್ದು? ಎಂದು ಮೊದಲ ಸಲ ನಕ್ಕರು.
ಅಮ್ಮ, ಅಂದೆ. ಅಷ್ಟೇ ಮಾತು.

ಚಿಮಣಿಯ ಒಂದು ಇಟ್ಟಿಗೆಯಲ್ಲಿ ಎರಡು ಬೆರಳಿನ ಗುಳಿ.
ಹಸಿ ಇಟ್ಟಿಗೆ ಮಗುಚುವಾಗ ಯಾವುದೋ ಮಗು ಒತ್ತಿದ್ದು.
ಮುಟ್ಟಬಹುದೇ, ಕೇಳಿದೆ.
ನನ್ನ ಕಿರುಬೆರಳೂ ಹಿಡಿಸಲಿಲ್ಲ.

ಮೂವತ್ತೊಂದು ವರ್ಷ ಶಾಸನಗಳ ಅಚ್ಚು ತೆಗೆದ ಕೈ ಇದು.
ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿಯೊತ್ತಿ
ಎಷ್ಟು ಕಲ್ಲು ಓದಿಲ್ಲ?
ಕೆರೆಯಂ ಕಟ್ಟಿಸಿದಂ, ದೇಗುಲಮಂ ಮಾಡಿಸಿದಂ.
ಮಾಡಿಸಿದವನ ಬಿರುದುಗಳೇ ಹನ್ನೆರಡು ಸಾಲು.
ಆ ‘ಸಿ’ಯ ಮೇಲೂ ಮಸಿ ಒತ್ತಿದ್ದೇನೆ, ನೂರಾರು ಸಲ,
ಒಳಗೆ ಯಾರಿದ್ದೀರಿ ಎಂದು ಒಮ್ಮೆಯೂ ತಟ್ಟದೆ.
ಪ್ರತಿ ವರದಿಯ ಕೊನೆಗೂ ನನ್ನದೇ ಕೈಬರಹ:
ಶಾಸನ ಪೂರ್ಣವಾಗಿದೆ. ಅಕ್ಷರ ಲೋಪವಿಲ್ಲ.