ಮಾಂಗಾ ಅಂದರೆ ಮಾವಿನಕಾಯಿ

ಉಮ್ಮಾಮನಿಗೆ ಮಾಂಗಾ ಅಂದರೆ ಮಾವಿನಕಾಯಿಯೇ.
"ಹಾಸಿಗೆಯಡಿ ಇಟ್ಟರೆ ಕೊಳೆಯುವುದಿಲ್ಲವಾ?"
ಭರಣಿ ಒರೆಸುತ್ತ ಕೇಳಿದ್ದಳು.
ಸಿನಾನ್ ನಕ್ಕ. ನಗುತ್ತಲೇ ಪುಸ್ತಕ ಎಳೆದು
ಕೊನೆಯ ಪುಟದಿಂದ ಸುರು ಮಾಡಿದ.

ಬಲದಿಂದ ಎಡಕ್ಕೆ ಓದಲು
ಅವನ ಕ್ಲಾಸಿನವರಿಗೆ ಒಂದು ವಾರ ಹಿಡಿಯಿತಂತೆ.
ಇವನಿಗೆ ಒಂದು ದಿನವೂ ಬೇಡವಾಯಿತು.
ಬಂದರಿನ ಮದ್ರಸದ ಬೆಂಚಿನಲ್ಲಿ
ಬೆಳಿಗ್ಗೆ ಆರೂವರೆಗೆ, ನಿದ್ದೆಗಣ್ಣಿನಲ್ಲಿ,
ಬೆರಳು ನಡೆದು ನಡೆದು ಸವೆದ ದಾರಿ ಅದು.

ಶನಿವಾರ ರಾತ್ರಿ ಆ ಪುಸ್ತಕ ಸಿನಿಮಾ ಆಗಿ ಬಂತು,
ನಿಜವಾದ ಮನುಷ್ಯರನ್ನು ಹಾಕಿ.
ನನ್ನ ಮೆಹೆಂದಿ ಡಬ್ಬಕ್ಕೆ ಮೊಬೈಲು ಒರಗಿಸಿ
ಇಬ್ಬರೂ ಚಾಪೆಯಲ್ಲಿ ಕೂತೆವು.
ಚೂರಿ ಮಸೆಯುವ ಹುಡುಗನ ಕತೆ.
ಸಿಟ್ಟು ಬಂದರೆ ಕೂದಲು ಬೆಳ್ಳಗಾಗುತ್ತದೆ.
ನಮ್ಮ ದಕ್ಕೆಯ ಹಾಗೇ ಮೀನಿನ ಪೇಟೆ,
ಆದರೆ ಒಂದು ನೊಣ ಇಲ್ಲ.

"ವಿಗ್ಗಿನ ಗೋಂದು ಕಾಣ್ತದೆ, ಮಾರಾಯ್ತಿ!"
ಪುಸ್ತಕದಲ್ಲಿ ಅರ್ಧ ಮುಖ ಕಣ್ಣೇ ಇತ್ತು,
ಇಲ್ಲಿ ಕಣ್ಣು ಕಣ್ಣಿನಷ್ಟೇ.
ಅಪ್ಪ ಸತ್ತಾಗ ಪುಸ್ತಕದಲ್ಲಿ
ಎರಡು ಪುಟ ಏನೂ ಇಲ್ಲ,
ಕೆಳಗೆ ಒಂದೇ ಗೆರೆ. ಅದು ಸಮುದ್ರ.
ಇಲ್ಲಿ ಪಿಟೀಲು. ಹಿಮ. ಮತ್ತೂ ಪಿಟೀಲು.
"ಹಾಳು ಮಾಡಿದ್ರು" ಎಂದು
ಗೋಡೆಗೆ ಮುಖ ಮಾಡಿ ಮಲಗಿದ.

ನಾನು ನಿಲ್ಲಿಸಲಿಲ್ಲ.
ನನ್ನ ಕೆಲಸವೂ ಅಂಥದ್ದೇ ತಾನೆ.
ಮದುಮಗಳು ಫೋಟೋ ತರುತ್ತಾಳೆ, ಇದೇ ಬೇಕು,
ಒಂದು ಎಲೆ ಅತ್ತಿತ್ತ ಆಗಬಾರದು.
ಫೋಟೋದ ಕೈಗೆ ಗೆರೆಯಿಲ್ಲ, ಬೆವರಿಲ್ಲ,
ಯಾರದೂ ಅಲ್ಲದ ಕೈ.
ಹೋದ ಶಾಬಾನಿನಲ್ಲಿ, ಉಳ್ಳಾಲದಲ್ಲಿ, ಮೈಮೂನ.
ಹತ್ತು ವರ್ಷದಿಂದ ಬೀಡಿ ಕಟ್ಟಿದ ಬೆರಳು,
ತುದಿ ಗಟ್ಟಿ, ಬಣ್ಣ ಹಿಡಿಯುವುದಿಲ್ಲ.
ಬಳ್ಳಿಯನ್ನು ಸುತ್ತು ಬಳಸಿ ತಂದೆ,
ಆಯುಷ್ಯದ ಗೆರೆಯ ಮೇಲೆ ಒಂದು ಮೊಗ್ಗು ಕೂರಿಸಿ.
ಅವಳು ಫೋಟೋ ನೋಡಿದಳು, ಕೈ ನೋಡಿದಳು.
"ಇದು ಅದಲ್ಲ."
ಐವತ್ತು ರೂಪಾಯಿ ಕಮ್ಮಿ ಕೊಟ್ಟಳು.
ಸಂಜೆ ಮಾತ್ರ, ಅವಳ ತಂಗಿ ಹೇಳಿದ್ದು,
ಯಾರಿಗೂ ಆ ಕೈ ಮುಟ್ಟಲು ಬಿಡಲಿಲ್ಲವಂತೆ.

ಹನ್ನೆರಡೂವರೆ ಆಗಿರಬೇಕು.
ಆ ಹುಡುಗ ಕಲ್ಲಿಗೆ ನೀರು ಚಿಮುಕಿಸಿ
ಚೂರಿ ಮಸೆಯುತ್ತಿದ್ದ. ಜಾರಿತು.
ಹೆಬ್ಬೆರಳು ಬಾಯಿಗೆ ಹೋಯಿತು,
ಕಣ್ಣು ಒಂದು ಚಣ ಈಚೆಗೆ, ಕ್ಯಾಮರಾದ ಹಿಂದೆ
ನಿಂತ ಯಾರನ್ನೋ ನೋಡಿತು
ಬೈಯುತ್ತಾರೋ ಎಂಬ ಹಾಗೆ.
ವಿಗ್ಗಿನ ಕೆಳಗೆ ಕತ್ತಿನಲ್ಲಿ
ಅವನದೇ ಕಪ್ಪು ಕೂದಲು, ಒದ್ದೆ.

ಪುಸ್ತಕದಲ್ಲಿ ಅದು ಎಲ್ಲಿದೆ ಎಂದು
ಟಾರ್ಚು ಹಿಡಿದು ಹುಡುಕಿದೆ,
ಬಲದಿಂದ ಒಮ್ಮೆ, ಎಡದಿಂದ ಒಮ್ಮೆ.
ಅಲ್ಲಿ ಚೂರಿ ಜಾರುವುದೇ ಇಲ್ಲ.
ಗೆರೆಗೆ ಗಾಯವಾಗುವುದು ಬರೆದವನು ಬರೆದರೆ ಮಾತ್ರ.

ಸಿನಾನನಿಗೆ ಇನ್ನೂ ಹೇಳಿಲ್ಲ.
ಹೇಳಿದರೆ, "ಅದು ತಪ್ಪಿ ಬಂದದ್ದು" ಎನ್ನುತ್ತಾನೆ.
ಹೌದು, ತಪ್ಪಿಯೇ ಬಂದದ್ದು.
ನಾಳೆ ದೇರಳಕಟ್ಟೆಯಲ್ಲಿ ಎರಡು ಕೈ, ಎರಡು ಕಾಲು.
ಆರು ಕೋನು ಸುತ್ತಬೇಕು ಈಗ.
ಒಳಗೆ ಉಮ್ಮಾಮ
ಮಾವಿನಕಾಯಿಗೆ ಉಪ್ಪು ಸಾಲದು ಎನ್ನುತ್ತಿದ್ದಾಳೆ,
ನಿದ್ದೆಯಲ್ಲೋ, ಎಚ್ಚರದಲ್ಲೋ.