ಹಿಟ್ಟಿನ ಕೈ

ಐದೂವರಿಗೆ ಫೋನ್ ಬಂತು. ದಾನಮ್ಮ ಗುಲಾಬಿ ಸೀರಿ ಉಟ್ಟಳು,
ರಜಿಸ್ಟರ್ ಚೀಲಕ್ಕ ತುರುಕಿದಳು.
"ಕಂಬಾರ ಓಣಿ ಹುಡುಗಿಗೆ ಬ್ಯಾನಿ ಸುರು ಆಗ್ಯಾವು,
ಬಾಗಲಕೋಟಿಗೇ ಒಯ್ಯಬೇಕಂತ. ಹಿಟ್ಟು ಡಬ್ಬ್ಯಾಗೈತಿ" ಅಂದು
ಚಪ್ಪಲಿ ಮೆಟ್ಟಿದಳು.
ಡಬ್ಬ್ಯಾಗಿನ ಹಿಟ್ಟು ರೊಟ್ಟಿ ಹೆಂಗಾಗತೈತಿ ಅನ್ನೂದು ಮಾತ್ರ
ಹೇಳಲಿಲ್ಲ. ಆಂಬುಲೆನ್ಸ್ ಹೊಂಟಿತ್ತು.

ನಾ ಮಗ್ಗದ ಕುಣಿಯಿಂದ ಎದ್ದೆ.
ಅರ್ಧ ಖಣ ಹಂಗ ಉಳೀತು,
ಗುಳೇದಗುಡ್ಡದ ಸಂಜಿ ಬೆಳಕು ಅದರ ಮ್ಯಾಲ ಸ್ವಲ್ಪ ಹೊತ್ತು ಕುಂತು
ಅದೂ ಎದ್ದು ಹೋತು.

ಕೂಸನ್ನ ಟಾವೆಲ್‌ನಿಂದ ಬೆನ್ನಿಗೆ ಕಟ್ಟಿಕೊಂಡೆ.
ಪವಾಡೆಪ್ಪಗ ಮೂರು ವರ್ಷ. ನಮ್ಮಪ್ಪನ ಹೆಸರು ಇಟ್ಟೇವಿ,
ಹಿಂಗಾಗಿ ಬೈಯಾಕ ಬಾಯಿ ಬರೂದಿಲ್ಲ.
ನಾ ಒಲಿ ಹಚ್ಚೂದ್ರಾಗ ಅವ
ಜುಣಕಕ್ಕಂತ ತಗದಿಟ್ಟ ಕಡ್ಲಿ ಹಿಟ್ಟು ತಲಿ ಮ್ಯಾಲ ಸುರುವಿಕೊಂಡು
ಭಂಡಾರ ಬಿದ್ದ ದೇವರಂಗ ನಿಂತಿದ್ದ,
ಕಣ್ಣರೆಪ್ಪಿ ಸುದ್ದಾ ಹಳದಿ.
"ಅಪ್ಪಾ, ನಾ ಯಾರು ಹೇಳು?"
"ಇವತ್ತಿನ ಪಲ್ಯ" ಅಂದೆ.

ಜುಣಕ ಮುಗೀತು. ಇನ್ನ ಶೇಂಗಾ ಹಿಂಡಿ, ಮಸರು, ಉಳ್ಳಾಗಡ್ಡಿ.

ನೀಲಗಂಗಾಗ ಆರು. ಮಣಿ ಮ್ಯಾಲ ಕುಂತು ಸಾಲಿ ಮಾಡತಾಳ.
"ನೀರು ಇನ್ನೂ ಕುದೀಬೇಕು.
ಅವ್ವ ಹಿಂಗ ನಾದೂದಿಲ್ಲ.
ಅವ್ವ ಕೈ ಸುಟ್ರ ಊದಿಕೊಂತಾಳ, ಬೈಯೂದಿಲ್ಲ."
ನಾ ಯಾರಿಗೆ ಬೈದೆ?
"ನೀರಿಗೆ" ಅಂದಳು.

ಹರದ ಎಳಿ ಕತ್ತಲ್ಯಾಗೂ ಗಂಟು ಹಾಕೂ ಕೈ ಇದು.
ಕರೆಂಟ್ ಹೋದ ರಾತ್ರಿ ಬಳ್ಳ ತುದಿಯಿಂದ ರೇಷ್ಮಿ ಹುಡುಕೀನಿ.
ರೊಟ್ಟಿ ಅಂಚು ಸೀಳಿತು, ಒತ್ತಿದೆ. ಆ ಕಡೆ ಸೀಳಿತು.
ಹಿಟ್ಟಿಗೆ ಗಂಟು ಹಾಕಾಕ ಬರೂದಿಲ್ಲ.
ಮೊದಲನೇದು ಹಂಚು ಮುಟ್ಟೂ ಮೊದಲ ಎರಡಾತು.
ಎರಡನೇದು ಅಂಗೈಗೆ ಮೆತ್ತಿಕೊಂಡು ಇಳೀಲೇ ಇಲ್ಲ.
ಮೂರನೇದಕ್ಕ ಪವಾಡೆಪ್ಪ ಬಳ್ಳಿಂದ ಎರಡು ಕಣ್ಣು ತಗದ,
ಅದು ಹಂಚಿನ ಮ್ಯಾಲಿಂದ ನನ್ನ ನೋಡಕೋಂತ
ಕರ್ರಗಾತು.

ಗ್ವಾಡಿ ಆಚಿಂದ ಹಸೀನಾಬಿ: "ತಮ್ಮಾ, ನಾಕ ರೊಟ್ಟಿ ಕೊಡ್ಲೇನ?"
"ಬ್ಯಾಡಕ್ಕಾ, ನಮ್ಮವು ಆಗ್ಯಾವು."
ಕಿಡಕಿ ಮುಚ್ಚೂ ಸಪ್ಪಳ ಕೇಳಿದ ಮ್ಯಾಲ
ನನ್ನ ನಾಲಿಗಿ ನಾನ ಕಚ್ಚಿಕೊಂಡೆ.

ಕೂಸು ಅಳಾಕ ಹತ್ತಿತು.
ಬೆನ್ನು ಅಲ್ಲಾಡಿಸಿದೆ, ಶಿಳ್ಳಿ ಹೊಡದೆ, ಚಮಚದಿಂದ ತಾಟು ಬಾರಿಸಿದೆ.
ಸಾಕಾಗಿ ಮತ್ತೊಂದು ಉಂಡಿ ತಗೊಂಡು
ಕೊಣಮಿಗ್ಯಾಗ ಬಡದೆ, ಪಟಾ ಪಟಾ.
ಅಳು ಅರ್ಧಕ್ಕ ನಿಂತಿತು.
ಕೈ ನಿಂತರ ಅಳು. ಕೈ ಆಡಿದರ ಸುಮ್ಮ.
ಒಂಬತ್ತು ತಿಂಗಳು ಒಳಗ ಕುಂತು
ದಿನಾ ಸಂಜಿ ಇದನ್ನ ಕೇಳಿತ್ತೇನೋ.
ಹಿಂಗಾಗಿ ಆ ರೊಟ್ಟಿ ನಾ ಬಡದದ್ದು ತಿನ್ನಾಕಲ್ಲ.
ಅದು ತನ್ನಷ್ಟಕ್ಕ ತಾನ ತೆಳ್ಳಗಾಗಕೋಂತ ಹೋತು,
ಹಂಚಿಗೆ ಹಾಕಿದೆ, ನೀರು ಸವರಿದೆ, ತಿರುವಿದೆ,
ಉಬ್ಬಿತು.

"ಅಪ್ಪಾ!" ನೀಲಗಂಗಾ ಎದ್ದು ನಿಂತಳು,
ಮಾಸ್ತರು ಎದ್ದು ನಿಂತಂಗ.

ಆಗ ಫೋನು. ಹಿಟ್ಟಿನ ಬಳ್ಳಿಂದ ಒತ್ತಿದೆ.
"ಹೆಣ್ಣು ಕೂಸು. ಇಬ್ಬರೂ ಚಲೋ ಅದಾರ.
ಆಕಿ ಗಂಡ ನಿಂತಲ್ಲೇ ಅಳಾಕ ಹತ್ಯಾನ. ನೀವು ಉಂಡ್ರೇನು?"
"ಉಂಡ್ವಿ" ಅಂದೆ.
"ಇಲ್ಲಬೇ ಯವ್ವಾ!" ಹಿಂದಿನಿಂದ ಎರಡು ದನಿ.
ಆಕಿ ನಕ್ಕದ್ದು ಅರ್ಧ ಕೇಳಿತು, ಅರ್ಧ ನೆಟ್‌ವರ್ಕ್ ನುಂಗಿತು.

ಒಂಬತ್ತಕ್ಕ ಉಂಡ್ವಿ. ಚೂರು, ಕರಕು, ಹಿಂಡಿ.
ಕಣ್ಣಿದ್ದ ರೊಟ್ಟಿ ನಂದು ಅಂತ ಪವಾಡೆಪ್ಪ ಜಗಳ ತಗದು
ಒಂದು ಕಣ್ಣು ತಿಂದು ನಿದ್ದಿ ಹೋದ.
ಉಬ್ಬಿದ್ದನ್ನ ಅರಿವ್ಯಾಗ ಸುತ್ತಿ ಬುಟ್ಟ್ಯಾಗಿಟ್ಟೆ,
ಬೆಕ್ಕಿಗಂತ ಮ್ಯಾಲ ತಾಟು, ತಾಟಿನ ಮ್ಯಾಲ ಕಲ್ಲು.

ಹನ್ನೊಂದಾತು. ಗಾಡಿ ಸಪ್ಪಳ ಇನ್ನೂ ಇಲ್ಲ.
ಎರಡು ಸಲ ಕಲ್ಲು ತಗದು ನೋಡೀನಿ.
ಉಬ್ಬಿದ್ದು ಇಳದೈತಿ.
ದುಂಡಗ ಮಾತ್ರ ಐತಿ.